ಮಂಜೂರಾದ ಆರನೆಯ ಪದ

ಏಳನೆಯ ವಾರ್ಡಿನಲ್ಲಿ ಅರವತ್ತು ವರ್ಷ ದಾಟಿದ ಒಟ್ಟು ನಾನೂರ ಹನ್ನೆರಡು ಮಂದಿ ಹಿರಿಯರಿದ್ದು, ಅವರಲ್ಲಿ ಒಬ್ಬರಿಗೂ ಮರೆವಿನ ಕಾಯಿಲೆ ಇರುವುದಿಲ್ಲ. ಇದು ಯಾರೋ ಜಗಲಿಯ ಮೇಲೆ ಕೂತು ಆಡಿದ ಮಾತಲ್ಲ. ಮೂರು ಸಹಿ, ಎರಡು ಮೊಹರು ಬಿದ್ದು, ನಗರಾಡಳಿತ ಕಚೇರಿಯ ಬಾಗಿಲಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುಹಾಕಲಾದ ಸತ್ಯ. ಮೊಳೆ ಸಡಿಲವಾಗಿ ಚೌಕಟ್ಟು ಸ್ವಲ್ಪ ಎಡಕ್ಕೆ ವಾಲಿದೆ. ಸರಿಪಡಿಸುವಂತೆ ಸಂಬಂಧಪಟ್ಟ ನೌಕರನಿಗೆ ಸೂಚಿಸಲಾಗಿದ್ದು, ಅವನು ಮರೆತಿದ್ದಾನೆ. ಅವನಿಗೆ ಮೂವತ್ತೆಂಟೇ ವರ್ಷವಾದ್ದರಿಂದ ಅದು ಮರೆವು ಮುಕ್ತ ಅಭಿಯಾನದ ವ್ಯಾಪ್ತಿಗೆ ಬರುವುದಿಲ್ಲ.

ಈ ಸತ್ಯ ಹೊರಬೀಳುವುದಕ್ಕೆ ಒಂದು ವರ್ಷ ಮುಂಚೆ ಅದೇ ವಾರ್ಡಿನ ಟೈಲರ್ ಮಾಸ್ಟರು ದೊಡ್ಡ ಕತ್ತರಿಯನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು, ಮೂರು ದಿನ ಮನೆಯೆಲ್ಲ ಹುಡುಕಿ, ಕಳ್ಳ ಬಂದಿದ್ದ ಎಂದು ಕೂಗಾಡಿದ್ದರು. ಅಲ್ಲಿಂದ ಶುರು.

ಮಾಸ್ಟರು ನಲವತ್ತೆಂಟು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿದವರು. ಅಳತೆ ತೆಗೆಯುವಾಗ ಅವರ ಕೈಯಲ್ಲಿ ಟೇಪು, ಬಾಯಲ್ಲಿ ಸೂಜಿ. ಕಾಗದ ಪೆನ್ಸಿಲ್ ಮುಟ್ಟಿದವರಲ್ಲ. ಎದೆ, ಸೊಂಟ, ಭುಜ, ತೋಳು, ಉದ್ದ, ಐದನ್ನೂ ಮುಗಿಸಿ, ಸೂಜಿ ಕಿತ್ತು, "ಮೂವತ್ತೆಂಟು, ಮೂವತ್ನಾಲ್ಕು, ಹದಿನೆಂಟು, ಇಪ್ಪತ್ಮೂರು, ಇಪ್ಪತ್ತೆಂಟು" ಎಂದು ಒಂದೇ ರಾಗದಲ್ಲಿ ಹೇಳಿ, ಕೊನೆಗೆ ಹೆಂಡತಿಯ ಹೆಸರು ಹಿಡಿದು ಅಡುಗೆಮನೆಯ ಕಡೆಗೆ ಕೂಗುತ್ತಿದ್ದರು. ಒಳಗಿನಿಂದ ಆಕೆ "ಬರ್ಕೊಂಡೆ ರೀ" ಅನ್ನುತ್ತಿದ್ದಳು. ಅಳತೆ ಪುಸ್ತಕ ಬೇಳೆ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು, ಪೆನ್ಸಿಲ್ ಆಕೆಯ ಜಡೆಯಲ್ಲಿ. ಹೀಗೆ ದಿನಕ್ಕೆ ಹತ್ತು ಹದಿನೈದು ಸಲ.

ಆ ಹೆಸರನ್ನು ಕರೆಯುವವರು ಭೂಮಿಯ ಮೇಲೆ ಉಳಿದಿದ್ದದ್ದು ಅವರೊಬ್ಬರೇ. ಹೆತ್ತವರು ಹೋಗಿ ಬಹಳ ಕಾಲವಾಗಿತ್ತು. ಮಗಳಿಗೆ ಆಕೆ ಅಮ್ಮ, ಅಳಿಯನಿಗೆ ಅತ್ತೆ, ಬೀದಿಯವರಿಗೆಲ್ಲ ಮಾಸ್ಟರಮ್ಮ. ರೇಷನ್ ಕಾರ್ಡಿನಲ್ಲಿ ಹೆಸರಿತ್ತು ನಿಜ, ಆದರೆ ರೇಷನ್ ಕಾರ್ಡು ಯಾರನ್ನೂ ಕೂಗಿ ಕರೆಯುವುದಿಲ್ಲವಲ್ಲ.

ಕತ್ತರಿ ಅಕ್ಕಿ ಡಬ್ಬಿಗೆ ಹೋದ ಕೆಲವೇ ದಿನಕ್ಕೆ ಮಾಸ್ಟರು ಆಕೆಯನ್ನು "ಇವರೇ" ಅನ್ನತೊಡಗಿದರು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದವಳನ್ನು ದಿಟ್ಟಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಇವರೇ, ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ. ಬ್ಲೌಸ್ ಹೊಲಿಯೋಕೆ ಕೊಟ್ಟು ಹೋಗಿದ್ರಾ?"

"ಹೂಂ ರೀ, ಕೊಟ್ಟಿದ್ದೆ" ಅಂದಳು ಮಾಸ್ಟರಮ್ಮ. ಆಮೇಲೆ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತಳು.

ಅಷ್ಟರಲ್ಲಿ ಬೀದಿಗೆ ಮೈಕು ಕಟ್ಟಿದ ಆಟೋ ಬಂತು.

"ಹಿರಿಯ ನಾಗರಿಕರ ಗಮನಕ್ಕೆ. ನಿಮ್ಮ ಮೆದುಳು ನಿಮ್ಮ ಆಸ್ತಿ. ಸದರಿ ಆಸ್ತಿಯ ರಕ್ಷಣೆಗಾಗಿ ಪ್ರತಿ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಸಮುದಾಯ ಭವನದಲ್ಲಿ ಉಚಿತ ತರಗತಿ, ಉಚಿತ ತಪಾಸಣೆ, ಉಚಿತ ಬಾದಾಮಿ. ಮರೆಯದೆ ಬನ್ನಿ. ಮರೆಯುವವರು ಕಡ್ಡಾಯವಾಗಿ ಬನ್ನಿ."

ಮಾಸ್ಟರಮ್ಮ ಮೊದಲನೇ ಬುಧವಾರವೇ ಗಂಡನಿಗೆ ಇಸ್ತ್ರಿ ಅಂಗಿ ತೊಡಿಸಿ ಕರೆದುಕೊಂಡು ಹೋದಳು. ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿ, ತಿರುಗಲೋ ಬೇಡವೋ ಎಂದು ತಿರುಗುವ ಫ್ಯಾನು, ಗೋಡೆಯ ಮೇಲೆ ನೀಲಿ ಬಣ್ಣದ ಮೆದುಳಿನ ಚಿತ್ರ. ಪಾಠ ಹೇಳುವ ಹುಡುಗಿ, ಎಲ್ಲರೂ ಬೋಧಕಿ ಅನ್ನುತ್ತಿದ್ದರು, ನಿಜಕ್ಕೂ ಚೆನ್ನಾಗಿ ಹೇಳುತ್ತಿದ್ದಳು, ಅದನ್ನು ಒಪ್ಪಬೇಕು. ದಿನಾ ನಡೀರಿ, ಬಿಪಿ ಶುಗರ್ ನೋಡ್ಕೊಳ್ಳಿ, ಕಿವಿ ಮಂದವಾದ್ರೆ ಸಂಕೋಚ ಬಿಟ್ಟು ತೋರಿಸಿ, ಒಬ್ಬರೇ ಮೂಲೆಲಿ ಕೂರಬೇಡಿ ಅಂದಳು. ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ವಯಸ್ಸು. ಕನ್ನಡಕ ಯಾತಕ್ಕೆ ಅಂತ ಮರೆತರೆ ಅದು ಕಾಯಿಲೆ, ತಡ ಮಾಡದೆ ಡಾಕ್ಟರ್ ಹತ್ರ ಹೋಗಿ ಅಂದಳು. ಮಾಸ್ಟರಮ್ಮ ಒಂದೊಂದು ಮಾತನ್ನೂ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಆಕೆಯ ಗಂಡನ ವಿಷಯವನ್ನೇ ಯಾರೋ ಅಚ್ಚು ಹಾಕಿಸಿ ಓದುತ್ತಿರುವ ಹಾಗಿತ್ತು.

ಸುತ್ತೋಲೆಯ ಪ್ರಕಾರ ತಲೆಗೆ ಆರು ಬಾದಾಮಿ. ಪೊಟ್ಟಣದಲ್ಲಿದ್ದದ್ದು ಎರಡು. ಉಳಿದ ನಾಲ್ಕು ಎಲ್ಲಿ ಎಂದು ನಿವೃತ್ತ ಪೇಂಟರೊಬ್ಬರು ಎದ್ದುನಿಂತು ಕೇಳಿದಾಗ, "ಲೆಕ್ಕ ಸರಿಯಾಗಿ ಬರ್ತಿದೆಯಲ್ಲ, ನಿಮ್ಮ ಮೆದುಳು ಗಟ್ಟಿಯಾಗಿದೆ" ಎಂದು ಅವರಿಗೆ ಸ್ಥಳದಲ್ಲೇ ಪ್ರಮಾಣಪತ್ರ ಕೊಟ್ಟು ಕೂರಿಸಲಾಯಿತು.

ಕೊಟ್ಟವರು ಅಭಿಯಾನಾಧಿಕಾರಿ. ಮಾತು ಮಾತಿಗೂ ಶೇಕಡಾ ಎಷ್ಟು ಎನ್ನುತ್ತಿದ್ದುದರಿಂದ ಜನ ಅವರನ್ನು ಶೇಕಡಾ ಸಾಹೇಬರು ಎಂದು ಕರೆಯುತ್ತಿದ್ದರು. ನಿಯಮ ಸರಳವಾಗಿತ್ತು. ಫಲಾನುಭವಿಗೆ ಐದು ಪದ ಹೇಳತಕ್ಕದ್ದು. ಐದು ನಿಮಿಷ ಬೇರೆ ಮಾತಾಡತಕ್ಕದ್ದು. ಆಮೇಲೆ ಪದಗಳನ್ನು ಕೇಳತಕ್ಕದ್ದು. ಒಂದೇ ಒಂದು ತಪ್ಪಿದರೂ ನಮೂನೆ-ಎಂಟು ಬರೆದುಕೊಟ್ಟು ದೊಡ್ಡಾಸ್ಪತ್ರೆಯ ನರರೋಗ ತಜ್ಞರ ಬಳಿಗೆ ಕಳಿಸತಕ್ಕದ್ದು. ಊರಿಗಿರುವವರು ಒಬ್ಬರೇ ತಜ್ಞರು. ನಮೂನೆ-ಎಂಟು ಇಲ್ಲದೆ ಹೋದರೆ ಅವರ ಬಾಗಿಲ ಕಾವಲುಗಾರನೇ ನಾಡಿ ನೋಡಿ ವಾಪಸು ಕಳಿಸುತ್ತಾನೆ. ಮಾಸ್ಟರಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಹಾಳೆ, ಅಷ್ಟೇ.

ಆದರೆ ಒಂದು ನಮೂನೆ-ಎಂಟು ಹೋದರೂ ವಾರ್ಡಿನ ಶೇಕಡಾ ಇಳಿಯುತ್ತದೆ. ಇಳಿದರೆ 'ಮರೆವು ಮುಕ್ತ ವಾರ್ಡು' ಫಲಕ ಪಕ್ಕದ ವಾರ್ಡಿಗೆ ಹೋಗುತ್ತದೆ. ಫಲಕ ಹೋದರೆ ಸಾಹೇಬರ ಬಡ್ತಿ ಹೋಗುತ್ತದೆ. ಆದಕಾರಣ ಫಲಾನುಭವಿಗಳ ಅನುಕೂಲಕ್ಕಾಗಿ ಐದೂ ಪದಗಳನ್ನು ಕುರ್ಚಿಗಳ ಎದುರಿನ ಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಲಾಗಿತ್ತು. ತರಗತಿ ಶುರುವಾಗುವ ಮುಂಚೆ ಎಲ್ಲರೂ ಎದ್ದುನಿಂತು ಮೂರು ಸಲ ಹೇಳಬೇಕಿತ್ತು. ಛತ್ರಿ, ಸೇತುವೆ, ನಿಂಬೆ, ಕುರ್ಚಿ, ಮೊಲ.

ತಪಾಸಣೆಯ ದಿನ ಮಾಸ್ಟರಿಗೆ ತಾವು ಎಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಮದುವೆ ಮನೆಯೋ ಎಂದು ಎರಡು ಸಲ ಕೇಳಿದ್ದರು. ಒಂದಾದರೂ ತಪ್ಪುತ್ತಾರೆ ಬಿಡು ಎಂದು ಮಾಸ್ಟರಮ್ಮ ನಿರಾಳವಾಗಿ ಕೂತಿದ್ದಳು. ಬೋಧಕಿ ಕೇಳಿದ್ದೇ ತಡ, ಮಾಸ್ಟರು ಗೋಡೆಯ ಕಡೆ ನೋಡಲೂ ಇಲ್ಲ. "ಛತ್ರಿ, ಸೇತುವೆ, ನಿಂಬೆ, ಕುರ್ಚಿ, ಮೊಲ" ಅಂದರು.

ಆ ರಾಗ ಮಾಸ್ಟರಮ್ಮನಿಗೆ ಕೂಡಲೇ ಗುರುತು ಸಿಕ್ಕಿತು. ಎದೆ, ಸೊಂಟ, ಭುಜ, ತೋಳು, ಉದ್ದ. ನಲವತ್ತೆಂಟು ವರ್ಷ ಐದೈದರ ಲೆಕ್ಕದಲ್ಲಿ ಊರಿನವರ ಮೈ ಅಳೆದ ಬಾಯಿ ಅದು. ಗಿರಾಕಿಯ ಮುಖ ಮರೆತರೂ ಅಳತೆ ಬಿಡುತ್ತಿರಲಿಲ್ಲ.

ಆಕೆ ಸಾಹೇಬರ ಮೇಜಿನ ಹತ್ತಿರ ಹೋದಳು. "ಸಾಹೇಬ್ರೇ, ಇವ್ರಿಗೆ ಮನೆ ದಾರಿ ಗೊತ್ತಾಗಲ್ಲ."

"ಸೇತುವೆ ಅಂದ್ರಲ್ಲಮ್ಮ?"

"ಅಂದ್ರು. ನಮ್ಮನೆ ಇರೋದೇ ಸೇತುವೆ ಪಕ್ಕ. ಸೇತುವೆ ಎಲ್ಲಿದೆ ಕೇಳಿ, ಹೇಳಲಿ ನೋಡೋಣ."

"ಎಲ್ಲಿದೆ ಅನ್ನೋದಕ್ಕೆ ನಮೂನೆಲಿ ಕಾಲಂ ಇಲ್ಲ."

"ಹಾಗಾದ್ರೆ ಬೇರೆ ಏನಾದ್ರೂ ಕೇಳಿ. ನನ್ನ ಹೆಸರು ಕೇಳಿ. ಐವತ್ತು ವರ್ಷ ಬಾಳಿದ್ದೀವಿ, ನನ್ನ ಹೆಸರೇನು ಕೇಳಿ."

ಸಾಹೇಬರು ಉಡಾಫೆಯ ಮನುಷ್ಯರಲ್ಲ. ಕೈಪಿಡಿ ತೆರೆದು, ಬೆರಳಿಟ್ಟು, ಎರಡು ಸಲ ಮೇಲಿಂದ ಕೆಳಗೆ ಹುಡುಕಿದರು. "ಇಲ್ಲಮ್ಮ, ನಿಮ್ಮ ಹೆಸರು ಅನುಮೋದಿತ ಪಟ್ಟಿಯಲ್ಲಿಲ್ಲ."

"ಪಾಠದಲ್ಲಿ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ ಅಂದ್ರಲ್ಲ?"

"ಅದು ಪಾಠ. ಇದು ತಪಾಸಣೆ. ಎರಡೂ ಬೇರೆ ಬೇರೆ ಕಡತ."

ಪದ ಬದಲಾಯಿಸುವುದು ಹುಡುಗಾಟದ ಮಾತಲ್ಲ ಎಂದೂ ಅವರು ವಿವರಿಸಿದರು. ಚುನಾವಣೆಯ ಚಿಹ್ನೆಯಾಗಿರದ, ಯಾರ ಮನಸ್ಸಿಗೂ ನೋವಾಗದ, ಸಿಬ್ಬಂದಿಯ ನಾಲಿಗೆ ಹೊರಳುವಂಥ ಐದು ಪದ ಹುಡುಕಲು ಪದ ಆಯ್ಕೆ ಉಪಸಮಿತಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಮೊಲದ ವಿಷಯದಲ್ಲೇ ಒಬ್ಬ ಸದಸ್ಯರು ಎರಡು ಸಲ ಸಭಾತ್ಯಾಗ ಮಾಡಿದ್ದರು.

ಮಾಸ್ಟರು ಮುಂದಿನ ತಿಂಗಳೂ ಐದಕ್ಕೈದು ಹೇಳಿದರು. ಅದರ ಮುಂದಿನ ತಿಂಗಳೂ ಹೇಳಿದರು. ಇಡೀ ವಾರ್ಡಿನಲ್ಲಿ ಗೋಡೆ ನೋಡದೆ, ತಡವರಿಸದೆ, ಅದೇ ಕ್ರಮದಲ್ಲಿ ಹೇಳುವವರು ಅವರೊಬ್ಬರೇ ಎಂದು ಸಾಹೇಬರ ಗಮನಕ್ಕೆ ಬಂತು. ಆದ್ದರಿಂದ ಅವರನ್ನು ಅಭಿಯಾನದ ಸ್ಮರಣ ರಾಯಭಾರಿಯಾಗಿ ನೇಮಿಸಲಾಯಿತು.

ತಾವೇ ಹೊಲಿದುಕೊಂಡ ಕೊನೆಯ ಅಂಗಿಯಲ್ಲಿ ಅವರ ಫೋಟೋ ತೆಗೆದರು. ತಿಳಿ ನೀಲಿ, ಜೇಬು ಒಂದು ನೂಲು ಓರೆ. ಕೆಳಗೆ ಕೆಂಪಕ್ಷರ: 'ನಾನು ಏನನ್ನೂ ಮರೆಯುವುದಿಲ್ಲ. ನೀವು?' ಬ್ಯಾನರ್ ಮುದ್ರಿಸಿದವನು ಸಾಹೇಬರ ಭಾಮೈದ. ಅವನ ಮೆಷಿನ್ ಇನ್ನೂರಕ್ಕೆ ಕಡಿಮೆ ಮುದ್ರಿಸುವುದಿಲ್ಲವಂತೆ. ವಾರ್ಡಿನಲ್ಲಿದ್ದದ್ದು ಅರವತ್ತಮೂರು ಕಂಬ. ಉಳಿದವನ್ನು ಮರಕ್ಕೆ, ಗೇಟಿಗೆ, ಪೊಲೀಸ್ ಠಾಣೆಯ ಒಳಗೆ, ಸಾರ್ವಜನಿಕ ಶೌಚಾಲಯದ ಎರಡೂ ಬದಿಗೆ ಕಟ್ಟಿ ಗುರಿ ಮುಟ್ಟಲಾಯಿತು.

ಒಂದು ಶುಕ್ರವಾರ ಹನ್ನೊಂದು ಗಂಟೆಗೆ ಮಾಸ್ಟರಮ್ಮ ಹಾಲಿನ ಪಾತ್ರೆ ಇಳಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಕೋಣೆ ಖಾಲಿ. ಬಾಗಿಲು ಹಾರು ಹೊಡೆದಿತ್ತು. ಚಪ್ಪಲಿ ಅಲ್ಲೇ ಇತ್ತು. ಬೀದಿ ಉದ್ದಕ್ಕೂ ಓಡಿದಳು, ಸೇತುವೆ ಕೆಳಗೆ ಇಣುಕಿದಳು, ಠಾಣೆಗೆ ಬಂದಳು.

ಪೇದೆ ದಫ್ತರ ತೆಗೆದ. "ಕಾಣೆಯಾದೋರ ಗುರುತು ಹೇಳಿಮ್ಮ."

ಮಾಸ್ಟರಮ್ಮ ಅವನ ತಲೆಯ ಮೇಲಿದ್ದ ಬ್ಯಾನರ್ ತೋರಿಸಿದಳು. "ಇವರು."

ಪೇದೆ ಕುತ್ತಿಗೆ ತಿರುಗಿಸಿ ನೋಡಿ ನಕ್ಕುಬಿಟ್ಟ. "ಏನಮ್ಮ ನೀವು! ಇವ್ರು ಹೇಗೆ ಕಳೆದುಹೋಗ್ತಾರೆ? ಪ್ರಮಾಣಪತ್ರ ಇರೋರು ಕಳೆದುಹೋಗಲ್ಲ. ಎಲ್ಲಿಗೋ ಹೋಗಿರ್ತಾರೆ."

"ಚಪ್ಪಲಿ ಹಾಕ್ಕೊಂಡಿಲ್ಲಪ್ಪ."

"ಆರೋಗ್ಯದ ಬಗ್ಗೆ ಕಾಳಜಿ ಇರೋರು. ಬರಿಗಾಲಲ್ಲಿ ನಡೀಬೇಕು ಅಂತಾರೆ ಈಗ." ಹೀಗಂದು ಅವನು ಬಹಳ ಸೌಜನ್ಯದಿಂದ ದೂರನ್ನು 'ವಾಯುವಿಹಾರ' ಎಂಬ ಶೀರ್ಷಿಕೆಯಡಿ ಬರೆದುಕೊಂಡ.

ಕೊನೆಗೆ ಆಕೆಗೇ ಸಿಕ್ಕರು, ಎರಡು ಗಂಟೆಗೆ, ಬಸ್ ನಿಲ್ದಾಣದ ಎದುರು. ಎಲ್ಲಕ್ಕಿಂತ ದೊಡ್ಡ ಬ್ಯಾನರಿನ ಕೆಳಗೆ, ಸುಡುವ ಕಲ್ಲಿನ ಮೇಲೆ, ಕಾಲು ಮಡಚಿ ಕೂತಿದ್ದರು. ಅಂಗಾಲಲ್ಲಿ ರಕ್ತ.

"ಏಳ್ರೀ, ಮನೆಗೆ ಹೋಗೋಣ."

"ತಡೀರಿ ಇವರೇ. ಇವರು ಬರ್ಲಿ ಅಂತ ಕಾಯ್ತಿದ್ದೀನಿ" ಎಂದು ಬೆರಳು ಮೇಲೆತ್ತಿದರು. "ಇವ್ರಿಗೆ ಏನೂ ಮರೆಯಲ್ವಂತೆ, ಬರೆದಿದ್ದಾರೆ ನೋಡಿ. ನಮ್ಮನೆ ಎಲ್ಲಿದೆ ಅಂತ ಇವರನ್ನ ಕೇಳಿದ್ರೆ ಆಯ್ತು."

"ಯಾರು ಅಂತ ಗೊತ್ತಾಗ್ತಿಲ್ವೇನ್ರೀ?"

ಮಾಸ್ಟರು ಕಣ್ಣು ಕಿರಿದು ಮಾಡಿ, ಗಿರಾಕಿಯನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದರು. "ಅಂಗಿ ನನ್ನದೇ ಹೊಲಿಗೆ. ಜೇಬು ಒಂದು ನೂಲು ಓರೆ ಹೋಗಿದೆ, ಕಣ್ಣು ಮಂಜಾದ ಮೇಲೆ ಹೊಲಿದದ್ದು. ಒಳಗಿರೋ ಮನುಷ್ಯನೇ ಗೊತ್ತಾಗ್ಲಿಲ್ಲ."

ಮಾಸ್ಟರಮ್ಮ ಕಲ್ಲಿನ ಪಕ್ಕ ಕುಕ್ಕರಿಸಿದಳು. ಸೆರಗಿನಿಂದ ಅವರ ಪಾದ ಒರೆಸುತ್ತ, ಮೇಲೆ ಹಲ್ಲು ಬಿಡುತ್ತಿದ್ದ ಆ ಇನ್ನೊಬ್ಬ ಗಂಡನನ್ನು ನೋಡಿ, ಇದನ್ನು ಕಟ್ಟಿದವರ ಮನೆ ಹಾಳಾಗ ಎಂದು ಗಟ್ಟಿಯಾಗೇ ಬೈದಳು. ಬಸ್ಸಿಗೆ ನಿಂತವರು ತಿರುಗಿ ನೋಡಿದರು. ರಾಯಭಾರಿಗಳು ಬಿಸಿಲಲ್ಲಿ ಮೂರು ತಾಸು ತಮ್ಮ ಬ್ಯಾನರಿನ ಕೆಳಗೆ ಕೂತಿದ್ದ ಸುದ್ದಿ ಸಾಹೇಬರಿಗೂ ಮುಟ್ಟಿತು. ಅದನ್ನು ಅವರು ಮಾಸಿಕ ವರದಿಯಲ್ಲಿ 'ಸ್ವಯಂಪ್ರೇರಿತ ಪ್ರಚಾರ' ಎಂದು ನಮೂದಿಸಿದರು.

ಮುಂದಿನ ಬುಧವಾರ ಬೋಧಕಿ ಆಕೆಯನ್ನು ಕಂಬದ ಮರೆಗೆ ಕರೆದಳು. "ಮಾಸ್ಟರಮ್ಮ, ಒಂದೇ ಒಂದು ಪದ ತಪ್ಪಿದ್ರೆ ಸಾಕು, ನಮೂನೆ-ಎಂಟು ನಾನೇ ಬರೆದು ಕೈಗೆ ಕೊಡ್ತೀನಿ. ಪಟ್ಟಿಗೆ ಹೊಸ ಪದ ಸೇರಿಸೋಕೆ ಸಾರ್ವಜನಿಕರು ಅರ್ಜಿ ಹಾಕಬಹುದು. ಕೈಪಿಡಿಯ ಕೊನೇ ಪುಟದಲ್ಲಿದೆ. ಯಾರೂ ಓದಿಲ್ಲ ಅಷ್ಟೇ."

ಮಾಸ್ಟರಮ್ಮ ಅಂದೇ ಅಳತೆ ಪುಸ್ತಕದಿಂದ ಹಾಳೆ ಹರಿದು ಅರ್ಜಿ ಬರೆದಳು. ವಿಷಯ: ಅನುಮೋದಿತ ಪದಪಟ್ಟಿಗೆ ನನ್ನ ಹೆಸರನ್ನು ಸೇರಿಸುವ ಬಗ್ಗೆ. ಗಂಡನ ಬಾಯಿಗೆ ವರ್ಷದಿಂದ ಬಾರದ ಒಂದೇ ಒಂದು ಪದ ಅದು ಎಂಬುದು ಆಕೆಗೆ ಖಾತ್ರಿಯಿತ್ತು.

ಅರ್ಜಿ ಮೂರೇ ದಿನದಲ್ಲಿ ಮಂಜೂರಾಯಿತು. ಎರಡನೆಯ ವರ್ಷವೂ ಫಲಕ ಉಳಿಯಬೇಕಾದರೆ ಅಭಿಯಾನದಲ್ಲಿ 'ನವೀನತೆ' ತೋರಿಸಬೇಕಿತ್ತು; ಸಾಹೇಬರು ಅದನ್ನೇ ಹುಡುಕುತ್ತಿದ್ದರು. ಉಪಸಮಿತಿಯ ಮುಂದೆ ಮಾಸ್ಟರಮ್ಮನ ಹೆಸರು ಚುನಾವಣಾ ಚಿಹ್ನೆಯಲ್ಲವೆಂದು ಸಾಬೀತಾಯಿತು. ಸಿಬ್ಬಂದಿ ಹನ್ನೊಂದು ಸಲ ಉಚ್ಚರಿಸಿ ನೋಡಿದರು. ಹೆಸರಿನ ಮಾಲೀಕರಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕಾಗಿತ್ತು. ಆಕೆ ತನ್ನ ಹೆಸರಿನ ಬಗ್ಗೆ ತನ್ನದೇನೂ ಆಕ್ಷೇಪಣೆ ಇಲ್ಲವೆಂದು, ತನ್ನ ಹೆಸರಿನಲ್ಲೇ ಬರೆದುಕೊಟ್ಟಳು. ಮೊಲದ ಸದಸ್ಯರೂ ಸಹಿ ಹಾಕಿದರು.

ಮಂಜೂರಾತಿ ಪತ್ರದ ಕೆಳಗೆ ಒಂದು ಷರತ್ತಿತ್ತು. 'ಹೊಸ ಪದದಿಂದ ಯಾವೊಬ್ಬ ಫಲಾನುಭವಿಗೂ ಅನ್ಯಾಯವಾಗದಂತೆ ಮೂವತ್ತು ದಿನ ವ್ಯಾಪಕ ಪೂರ್ವಪ್ರಚಾರ ಕೈಗೊಳ್ಳತಕ್ಕದ್ದು.'

ಮರುದಿನವೇ ಆಟೋ ಬಂತು. ಐವತ್ತು ವರ್ಷ ಒಬ್ಬರ ಬಾಯಲ್ಲಿದ್ದ ಹೆಸರು ಮೈಕಿನಲ್ಲಿ ಮೊಳಗಿತು. ಗೋಡೆಯ ಮೇಲೆ ಮೊಲದ ಪಕ್ಕದಲ್ಲಿ ಬಂತು. ಭಾಮೈದ ಇನ್ನೂರು ಬ್ಯಾನರ್ ಹೊಸದಾಗಿ ಮುದ್ರಿಸಿದ. ಮಕ್ಕಳು ಕುಂಟಾಬಿಲ್ಲೆ ಆಡುತ್ತ ಆರನೇ ಮನೆಗೆ ಆ ಹೆಸರು ಹೇಳಿ ನೆಗೆದರು. ಆ ಪದವನ್ನು ಇಲ್ಲಿ ಬರೆಯುವಂತಿಲ್ಲ. ಪ್ರಚಾರ ಮುಗಿದ ಮೇಲೆ ಅದನ್ನು ಗೌಪ್ಯವೆಂದು ಘೋಷಿಸಲಾಗಿದೆ.

ಒಂದು ಬೆಳಿಗ್ಗೆ ತರಕಾರಿಯವಳು ಬದನೆಕಾಯಿ ತೂಗುತ್ತ ಗೊಣಗಿದಳು. "ಛತ್ರಿ, ಸೇತುವೆ, ನಿಂಬೆ, ಕುರ್ಚಿ, ಮೊಲ... ಆಮೇಲೇನು ಮಾಸ್ಟರಮ್ಮ? ನಾಲಿಗೆ ತುದೀಲಿದೆ, ಹಾಳಾದ್ದು ಬರ್ತಿಲ್ಲ."

ಮಾಸ್ಟರಮ್ಮ ಅತ್ತಿತ್ತ ನೋಡಿ, ಬಾಗಿಲು ಮುಚ್ಚಿದೆಯೇ ಎಂದು ಖಚಿತ ಮಾಡಿಕೊಂಡು, ತನ್ನ ಹೆಸರನ್ನು ಪಿಸುದನಿಯಲ್ಲಿ ಹೇಳಿದಳು.

"ಹಾಂ, ಅದೇ ನೋಡಿ! ಎಲ್ಲಿಂದ ಹುಡುಕಿ ತಂದ್ರೋ ಇಂಥ ಪದಾನ."

ಮನೆಯೊಳಗೆ ಆಕೆಯ ಪಾಡು ಹೇಳತೀರದು. ಆಟೋ ಸದ್ದು ಕೇಳಿದರೆ ಓಡಿಹೋಗಿ ಕಿಟಕಿ ಮುಚ್ಚುವಳು, ಮಿಕ್ಸಿ ಹಾಕುವಳು, ಗಂಡನ ಕಿವಿಗೆ ಹತ್ತಿ ತುರುಕುವಳು. ಒಂದು ವರ್ಷ ಆ ಹೆಸರು ಒಂದು ಸಲ ಬಾಯಿಗೆ ಬರಲಿ ಎಂದು ಕಾದು ಕೂತಿದ್ದ ಹೆಂಗಸು, ಈಗ ಬಾರದಿರಲಿ ದೇವರೇ, ಇನ್ನು ಹತ್ತು ದಿನ, ಇನ್ನು ನಾಲ್ಕು ದಿನ ಎಂದು ಬೇಡಿಕೊಳ್ಳುತ್ತಿದ್ದಳು. ಇದೆಂಥ ಕರ್ಮ ಎಂದು ಅನಿಸಿದಾಗೆಲ್ಲ ಆಸ್ಪತ್ರೆಯನ್ನು ನೆನೆಯುತ್ತಿದ್ದಳು.

ತಪಾಸಣೆಯ ಬುಧವಾರ ಭವನ ತುಂಬಿತ್ತು. ಮಾಸ್ಟರಮ್ಮ ಗಂಡನ ಪಕ್ಕದ ಕುರ್ಚಿಯಲ್ಲೇ, ಮೊಣಕೈಗೆ ಮೊಣಕೈ ತಗಲುವಂತೆ ಕೂತಳು. ಬೋಧಕಿ ನಮೂನೆ-ಎಂಟನ್ನು ಮೊದಲೇ ಅರ್ಧ ಬರೆದು, ರಟ್ಟಿನ ಕೆಳಗೆ ಬಚ್ಚಿಟ್ಟುಕೊಂಡು, ಆಕೆಗೆ ಮಾತ್ರ ಕಾಣುವಂತೆ ತುದಿ ತೋರಿಸಿದಳು. ಸಾಹೇಬರು ಎದ್ದುನಿಂತಿದ್ದರು.

"ಹೇಳಿ ಮಾಸ್ಟ್ರೇ" ಅಂದಳು ಬೋಧಕಿ.

"ಛತ್ರಿ, ಸೇತುವೆ, ನಿಂಬೆ, ಕುರ್ಚಿ, ಮೊಲ."

ನಿಂತರು. ಬೋಧಕಿಯ ಕೈ ರಟ್ಟಿನ ಕೆಳಗೆ ಹೋಯಿತು.

ಮಾಸ್ಟರು ಬಾಯಿಂದ ಏನನ್ನೋ ಕಿತ್ತಂತೆ ಎರಡು ಬೆರಳು ಆಡಿಸಿದರು. ಸೂಜಿ. ಆಮೇಲೆ ಕುತ್ತಿಗೆ ಎತ್ತಿ, ಪಕ್ಕದಲ್ಲಿದ್ದವಳ ಕಡೆಗಲ್ಲ, ಭವನದ ಹಿಂದಿನ ಬಾಗಿಲ ಕಡೆಗೆ, ಅಲ್ಲೊಂದು ಅಡುಗೆಮನೆ ಇದೆ ಎಂಬಂತೆ, ಆರನೆಯ ಪದವನ್ನು ಕೂಗಿದರು. ಕೊನೆಯ ಅಕ್ಷರವನ್ನು ಎಳೆದು, ಮೊದಲು ಕೂಗುತ್ತಿದ್ದ ಹಾಗೆಯೇ, ಎಳ್ಳಷ್ಟೂ ವ್ಯತ್ಯಾಸವಿಲ್ಲದೆ.

ಮಾಸ್ಟರಮ್ಮನ ಕೈ ತಾನಾಗೇ ಜಡೆಗೆ ಹೋಯಿತು. ಅಲ್ಲಿ ಪೆನ್ಸಿಲ್ ಇರಲಿಲ್ಲ.

"ಬರ್ಕೊಂಡೆ ರೀ" ಅಂದಳು.

"ನೂರಕ್ಕೆ ನೂರು!" ಎಂದು ಸಾಹೇಬರು ಕೂಗಿದರು. ಚಪ್ಪಾಳೆ ಬಿತ್ತು. ಪೇಂಟರು ಎದ್ದುನಿಂತು ಚಪ್ಪಾಳೆ ಹೊಡೆದರು. ಬೋಧಕಿ ಅರ್ಧ ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು, ದಫ್ತರದಲ್ಲಿ 'ಸ್ಮರಣೆ ಪೂರ್ಣ, ತಜ್ಞರ ಅಗತ್ಯವಿಲ್ಲ' ಎಂದು ಬರೆದಳು. ಸಹಿ ಮಾಡಿ ಎಂದು ಮಾಸ್ಟರಮ್ಮನ ಕಡೆ ತಳ್ಳಿದಾಗ ಕಣ್ಣೆತ್ತಿ ನೋಡಲಿಲ್ಲ.

ಮಾಸ್ಟರಮ್ಮ ಸಹಿ ಮಾಡಿದಳು. ಸಾಹೇಬರು ಸ್ವಲ್ಪ ಅಳುಕಿನಿಂದಲೇ ಕೇಳಿದರು: "ಇನ್ನೇನಾದ್ರೂ ದೂರು ಇದೆಯಾಮ್ಮ?"

"ಇಲ್ಲ. ಮತ್ತೆ ಯಾವಾಗ ಕೇಳ್ತೀರಿ?"

"ಮೊದಲಿನ ಹಾಗೇ ತಿಂಗಳಿಗೊಂದು ಸಲ. ನೀವು ಇಷ್ಟಪಟ್ರೆ, ರಾಯಭಾರಿಗಳಲ್ವಾ, ಪ್ರತಿ ಬುಧವಾರವೂ ಪ್ರಾತ್ಯಕ್ಷಿಕೆ ಇಡಬಹುದು."

"ಪ್ರತಿ ಬುಧವಾರ ಇಡಿ" ಅಂದಳು ಮಾಸ್ಟರಮ್ಮ.

"ಇವರೇ," ಎಂದು ಮಾಸ್ಟರು ಆಕೆಯ ತೋಳು ಮೆಲ್ಲಗೆ ತಟ್ಟಿದರು, "ಆ ಹೆಂಗಸು ಒಳಗಿಂದ ಉತ್ತರ ಕೊಟ್ಟಳಲ್ಲ, ಕೇಳಿಸ್ತಾ? ಇನ್ನು ಭಯ ಇಲ್ಲ, ಅಂಗಿ ನಾಳೆ ರೆಡಿ."

ಅಂದಿನಿಂದ ಇಂದಿನವರೆಗೆ ಏಳನೆಯ ವಾರ್ಡಿನಿಂದ ಬಂದ ದೂರುಗಳ ಸಂಖ್ಯೆ ಸೊನ್ನೆ. ಹಾಜರಾತಿಯಲ್ಲಿ ಮೊದಲ ಸ್ಥಾನ ಮಾಸ್ಟರಮ್ಮನದು. ಆಕೆ ಹತ್ತೂವರೆಯ ತರಗತಿಗೆ ಹತ್ತಕ್ಕೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ಜಡೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು.